ಗಂಟು ಬಿಚ್ಚುವ ಮೊದಲು

ಡಾಂಬರು ಗುಳಿಗೆಯ ವಾಸನೆ ನನಗೆ ಆಗಿಬರುವುದಿಲ್ಲ. ನನ್ನ ಮನೆಯಲ್ಲಿ ಅದನ್ನು ಇಡುವುದಿಲ್ಲ. ಇಟ್ಟವರ ಮನೆಯಲ್ಲಿ ಹೆಚ್ಚು ಹೊತ್ತು ಕೂರುವುದೂ ಇಲ್ಲ. ಕಳೆದ ಸೋಮವಾರ ಬೀದರಿನ ನಮ್ಮ ಕಾಲೇಜು ಕಚೇರಿಯಲ್ಲಿ ಹಳೆಯ ರಿಜಿಸ್ಟರುಗಳ ಅಲಮಾರಿ ತೆಗೆದಾಗ ಆ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಜಿರಲೆ ಹೆಚ್ಚಾಗಿವೆಯೆಂದು ಜವಾನ ಬೊಗಸೆಗಟ್ಟಲೆ ಗುಳಿಗೆ ಸುರಿದಿದ್ದ. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ... ಇಪ್ಪತ್ತು ವರ್ಷಗಳ ಹಿಂದಿನ ಒಬ್ಬ ಹೆಂಗಸು ಆ ಅಲಮಾರಿಯ ಒಳಗಿನಿಂದ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದ ಹಾಗಾಯಿತು.

ಅಲಮಾರಿ ತೆಗೆಯಬೇಕಾಗಿ ಬಂದದ್ದು ಒಂದು ಮೇಲ್‌ನಿಂದ. ನಮ್ಮ ಕಾಲೇಜಿನಲ್ಲೇ ಪಿಯುಸಿ ಓದಿ, ಈಗ ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿಯ ಹೆಸರಿನಿಂದ ಬೆಳಿಗ್ಗೆ ಬಂದಿತ್ತು. ವಿಷಯದ ಜಾಗದಲ್ಲಿ 'ಅಕ್ಕೋರು' ಎಂಬ ಒಂದೇ ಮಾತು. ಒಳಗೆ 'ತೆಗೆದು ನೋಡಿರಿ, ನನ್ನ ಹೊಸ ನಂಬರು ಕೆಳಗಿದೆ' ಎಂದು ಎರಡು ತುಂಡು ಮಾತು. ಜೊತೆಗೊಂದು ಅಟ್ಯಾಚ್‌ಮೆಂಟ್. ನಾನು ಅದನ್ನು ತೆಗೆಯಲಿಲ್ಲ. ಕೆಳಗಿದ್ದ ನಂಬರಿಗೂ ಫೋನ್ ಹಚ್ಚಲಿಲ್ಲ. ಪತ್ರ ಸುಳ್ಳಾಗಿದ್ದರೆ ಪತ್ರದಲ್ಲಿರುವ ನಂಬರೂ ಸುಳ್ಳೇ ಅಲ್ಲವೇ? ನಮ್ಮ ಕೈಯಲ್ಲಿ ಮೊದಲೇ ಇದ್ದ ನಂಬರಿಗೇ ಕೇಳಬೇಕು. ಅದಕ್ಕಾಗಿ ಆ ಹುಡುಗಿಯ ಪ್ರವೇಶದ ರಿಜಿಸ್ಟರ್ ಹುಡುಕಲು ಎದ್ದೆ. ಪಕ್ಕದ ಕುರ್ಚಿಯ ಹೊಸ ಗುಮಾಸ್ತೆ, "ಒಂದ್ ಕ್ಲಿಕ್ಕಿನ ಕೆಲಸಕ್ಕ ಅಲಮಾರಿ ಯಾಕ ತಗೀತೀರಿ ಮೇಡಮ್ಮೋರೆ?" ಎಂದು ನಕ್ಕಳು. ನಗಲಿ. ಈ ಚಟ ನನಗೆ ಅಂಟಿಸಿದವಳನ್ನು ನಾನು ಮನಸಾರೆ ದ್ವೇಷಿಸಿದೆ, ಚಟ ಮಾತ್ರ ಬಿಡಲಿಲ್ಲ.

ಆಕೆಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ವಯಸ್ಸಿಗಾದರೂ ಬಹುವಚನ ಹಚ್ಚಿ ಬರೆಯಬೇಕು ಎಂದು ಗೊತ್ತು. ಕೈ ಬರುವುದಿಲ್ಲ.

ಅವು ಬರದ ವರ್ಷಗಳು. ಔರಾದ್ ತಾಲೂಕಿನ ಹಳ್ಳಿಗಳಲ್ಲಿ ದೀಪಾವಳಿ ಮುಗಿಯುತ್ತಲೇ ಮನೆಮನೆಗೆ ಬೀಗ ಬೀಳುತ್ತಿತ್ತು. ಜನ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಹೋದರೆ ಶಾಲೆ ತಪ್ಪುತ್ತದೆ, ಬಿಟ್ಟು ಹೋದರೆ ಅನ್ನ ಹಾಕುವವರಿಲ್ಲ. ಅದಕ್ಕೆಂದು ಒಂದು ಸಂಸ್ಥೆಯವರು ಔರಾದಿನಲ್ಲಿ ಮುಚ್ಚಿಹೋಗಿದ್ದ ಬೇಳೆ ಮಿಲ್ಲೊಂದನ್ನು ಹಿಡಿದು ಮಕ್ಕಳ ವಸತಿ ತೆರೆದಿದ್ದರು. ತಂದೆತಾಯಿ ಮಳೆಗೆ ಮರಳಿ ಬರುವವರೆಗೆ ಮಕ್ಕಳಿಗೆ ಅಲ್ಲೇ ಊಟ, ಅಲ್ಲೇ ಹಾಸಿಗೆ. ಸಂತಪುರದ ಶಾಲೆಯಲ್ಲಿ ಹೆಡ್ ಆಗಿ ನಿವೃತ್ತಳಾಗಿದ್ದ ಆಕೆ ಆ ವಸತಿಯ ಯಜಮಾನಿ. ಭಾತಂಬ್ರಾದಿಂದ ಬಂದು, ಭಾಲ್ಕಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ ನಾನು ಅಲ್ಲಿನ ಆಪರೇಟರ್. ಇಪ್ಪತ್ಮೂರು ವರ್ಷ, ಮೊದಲ ಕೆಲಸ, ಇಡೀ ಔರಾದಿನಲ್ಲಿ ನನ್ನಷ್ಟು ಕಂಪ್ಯೂಟರ್ ಬಲ್ಲವರಿಲ್ಲ ಎಂಬ ಕೊಬ್ಬು.

ಆಕೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಿಲ್ಲಿನ ಉದ್ದಗಲಕ್ಕೂ ತಿರುಗುತ್ತಿದ್ದಳು. ಕೈಯಲ್ಲಿ ಸದಾ ಒಂದು ಮರದ ಪಟ್ಟಿ. ನಮ್ಮ ಮನೆಯಲ್ಲಿ ಬುದ್ಧನ ಪಟ ಇದೆಯೆಂದು ಗೊತ್ತಾದಾಗ ಆಕೆಯ ಮುಖ ನೋಡಲು ಕಾದು ಕೂತಿದ್ದೆ. ಏನೂ ಆಗಲಿಲ್ಲ. ನಾನು ಮಾಡಿದ ಚಹಾ ಕುಡಿದಳು, ಸಕ್ಕರೆ ಹೆಚ್ಚಾಗಿದೆ ಎಂದು ಬೈದಳು. ಆ ಕಾರಣಕ್ಕೆ ಆಕೆಯನ್ನು ದ್ವೇಷಿಸಲು ಸಾಧ್ಯವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಎಲ್ಲರಿಗೂ ಒಂದೇ ಥರ ಕಹಿ.

ಆ ವಸತಿಯಲ್ಲಿ ಒಂದು ಪದ್ಧತಿ ಇತ್ತು. ಕೆಲಸದ ಜಾಗಗಳಲ್ಲಿ ನಮ್ಮ ಸಂಸ್ಥೆಯದೇ ಒಬ್ಬೊಬ್ಬ ಕಾರ್ಯಕರ್ತ ಇರುತ್ತಿದ್ದ. ಅವನು ತಂದೆತಾಯಿಯರ ಫೋಟೋ ತೆಗೆದು ಶನಿವಾರ ಮೇಲ್‌ನಲ್ಲಿ ಕಳಿಸುತ್ತಿದ್ದ. ಭಾನುವಾರ ನಾಷ್ಟಾ ಆದ ಮೇಲೆ ಮಕ್ಕಳೆಲ್ಲ ಜಮಖಾನೆಯ ಮೇಲೆ ಕೂತರೆ ನಾನು ಒಂದೊಂದೇ ಫೋಟೋ ಪರದೆಯ ಮೇಲೆ ತರುತ್ತಿದ್ದೆ. ಸಿಮೆಂಟಿನ ಚೀಲದ ಮೇಲೆ ಕೂತ ಅಪ್ಪ, ತಲೆಗೆ ಸಿಂಬೆ ಇಟ್ಟುಕೊಂಡ ಅವ್ವ. ಯಾರ ಮನೆಯವರು ಬಂದರೋ ಆ ಮಗು ಎದ್ದು ಬಂದು ಗಾಜಿಗೆ ಕೈ ಹಚ್ಚುತ್ತಿತ್ತು. ಸಂಜೆಗೆ ಪರದೆಯ ತುಂಬ ಬೆರಳ ಗುರುತು... ಅದನ್ನು ಒರೆಸುವುದು ನನಗೆ ಎಂದೂ ಬೇಸರವಾಗಲಿಲ್ಲ.

ಸಂತಪುರದ ಒಂದು ಹುಡುಗಿ ಇತ್ತು. ಏಳು ವರ್ಷ. ತಂದೆ ಇರಲಿಲ್ಲ, ತಾಯಿ ಹೈದರಾಬಾದಿನಲ್ಲಿ ಇಟ್ಟಂಗಿ ಹೊರುತ್ತಿದ್ದಳು. ಈ ಹುಡುಗಿ ಗಾಜಿಗೆ ಕೈ ಹಚ್ಚುತ್ತಿರಲಿಲ್ಲ. ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಇನ್ನೊಮ್ಮೆ ತೋರಿಸ್ರಿ ಅಕ್ಕಾ," ಎನ್ನುತ್ತಿತ್ತು. ತೋರಿಸುತ್ತಿದ್ದೆ. ಮೊನ್ನೆ ಮೇಲ್ ಕಳಿಸಿದ್ದು ಇವಳೇ.

ಸಂಕ್ರಾಂತಿಯ ಹೊತ್ತಿಗೆ ಬೀದರಿನಿಂದ ಕಂಪ್ಯೂಟರ್ ರಿಪೇರಿಯವನು ಬಂದವನು ಒಂದು ಸುದ್ದಿ ಹೇಳಿ ಹೋದ. ಮೇಲ್‌ಗಳ ಜೊತೆ ಹುಳ ಬರುತ್ತಿದೆ. ಗುರುತಿನವರ ಹೆಸರಿನಿಂದಲೇ ಬರುತ್ತದೆ. ಅಟ್ಯಾಚ್‌ಮೆಂಟ್ ತೆಗೆದ ಕೂಡಲೇ ಒಳಗಿನ ಕಡತಗಳನ್ನು ತಿಂದು, ವಿಳಾಸ ಪಟ್ಟಿಯಲ್ಲಿ ಇರುವವರಿಗೆಲ್ಲ ನಮ್ಮ ಹೆಸರಿನಲ್ಲಿ ತನ್ನನ್ನು ತಾನೇ ಕಳಿಸಿಕೊಳ್ಳುತ್ತದೆ. "ಆ್ಯಂಟಿವೈರಸ್ ಹಾಕೀನ್ರಿ. ಆದ್ರ ಹೊಸಾ ಹುಳದ ಗುರ್ತು ಅದಕ್ಕ ಇರಲ್ಲ. ನೀವೇ ಹುಷಾರ್ ಇರ್ರಿ," ಎಂದ. ನಾನು ತಲೆಯಾಡಿಸಿ ಮರೆತೆ. ಮೌಸ್ ಹಿಡಿಯಲು ಬಾರದ ಆಕೆ ಮರೆಯಲಿಲ್ಲ.

"ತೊಗರಿ ಗೋದಾಮಿನ್ಯಾಗ ಒಂದ್ ಚೀಲಕ್ಕ ನುಸಿ ಬಿದ್ರ ಸಾಕು," ಎಂದು ಮಿಲ್ಲಿನ ಗೋಡೆ ನೋಡುತ್ತ ಅಂದಳು. ಆ ದಿನದಿಂದ ಕಾನೂನು ಶುರುವಾಯಿತು. ಅಟ್ಯಾಚ್‌ಮೆಂಟ್ ಎನ್ನಲು ಆಕೆಗೆ ನಾಲಿಗೆ ಹೊರಳದು, ಅದಕ್ಕೆ 'ಗಂಟು' ಎಂದು ಹೆಸರಿಟ್ಟಳು. ವಸತಿಗೆ ಇದ್ದದ್ದು ಒಂದೇ ಟೆಲಿಫೋನ್ ಲೈನು, ಒಂದೇ ತಂತಿ. ಅದನ್ನು ಫೋನಿಗೆ ಚುಚ್ಚಿದರೆ ಮಾತು, ಕಂಪ್ಯೂಟರಿಗೆ ಚುಚ್ಚಿದರೆ ಮೇಲ್. ಆ ತಂತಿಯನ್ನು ಆಕೆ ಬಿಚ್ಚಿ ತನ್ನ ಅಲಮಾರಿಯಲ್ಲಿ, ಸೀರೆಗಳ ನಡುವೆ, ಡಾಂಬರು ಗುಳಿಗೆಯ ಜೊತೆ ಇಟ್ಟು ಬೀಗ ಹಾಕಿದಳು. ಶನಿವಾರ ತಂತಿ ಕೈಗೆ ಕೊಡುವಳು. ಮೇಲ್ ಇಳಿಸಿಕೊಂಡು ಯಾವ್ಯಾವುದಕ್ಕೆ ಗಂಟು ಇದೆಯೆಂದು ನಾನು ಓದಿ ಹೇಳಬೇಕು. ಆಮೇಲೆ ತಂತಿ ಫೋನಿಗೆ. ಆಕೆ ತನ್ನ ನೀಲಿ ರಟ್ಟಿನ ರಿಜಿಸ್ಟರಿನಲ್ಲಿ ಮೊದಲೇ ಬರೆದಿಟ್ಟ ನಂಬರಿಗೇ ಫೋನ್ ಹಚ್ಚಿ ಮೂರು ಪ್ರಶ್ನೆ ಕೇಳುವಳು. "ಕಳ್ಸಿದ್ದು ನೀನೇ ಏನು? ಎಷ್ಟ್ ಕಳ್ಸಿದಿ? ಒಳಗ ಯಾರ್ಯಾರು ಅದಾರ?" ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ಗಂಟು ಬಿಚ್ಚಬಹುದು, ಅದೂ ತಂತಿ ಅಲಮಾರಿಗೆ ಮರಳಿದ ಮೇಲೆ. ಬರದಿದ್ದರೆ ಆ ವಾರ ಆ ಮಕ್ಕಳಿಗೆ ಫೋಟೋ ಇಲ್ಲ.

ಶನಿವಾರದ ದಿನವೆಲ್ಲ ನನ್ನ ಬೆರಳು ಡಾಂಬರು ಗುಳಿಗೆ ನಾರುತ್ತಿದ್ದವು. ಅನ್ನದ ತುತ್ತಿನಲ್ಲೂ ಅದೇ.

ಒಂದು ಭಾನುವಾರ ಪುಣೆಯ ಕಾರ್ಯಕರ್ತ ಫೋನ್ ಎತ್ತಲಿಲ್ಲ. ಹನ್ನೊಂದು ಮಕ್ಕಳ ಫೋಟೋ ಯಂತ್ರದೊಳಗೆ ಬಂದು ಕೂತಿವೆ, ಮಕ್ಕಳು ಜಮಖಾನೆಯ ಮೇಲೆ ಕೂತಿವೆ, ನಡುವೆ ಈಕೆಯ ಕಾನೂನು. ಒಂದು ಮಗು ಅಳಲು ಶುರು ಮಾಡಿತು, ನೋಡನೋಡುತ್ತ ಎಲ್ಲವೂ ಅತ್ತವು. ನನಗೆ ತಡೆಯಲಾಗಲಿಲ್ಲ. ಪ್ರತಿ ವಾರ ಬರುವ ಮೇಲ್ ಇದು, ಅದೇ ಹುಡುಗ, ಅದೇ ಹೆಸರು ಎಂದು ವಾದಿಸಿ ಮೌಸಿನ ಮೇಲೆ ಕೈಯಿಟ್ಟೆ. ಪಟ್ಟಿ ನನ್ನ ಬೆರಳ ಗೆಣ್ಣಿನ ಮೇಲೆ ಬಿತ್ತು. ಒಂದನೇ ಇಯತ್ತೆಯ ಹುಡುಗಿಗೆ ಹೊಡೆದ ಹಾಗೆ, ನಲವತ್ತು ಮಕ್ಕಳ ಎದುರಿಗೆ, ಅಡುಗೆಯವಳ ಎದುರಿಗೆ.

"ಮಷಿನ್ ಮುಟ್ಲಿಕ್ಕ ಬಂತಂದ್ರ ಶಾಣ್ಯಾಕಿ ಆದ್ಯೇನು?" ಎಂದಳು. ಅಳುತ್ತಿದ್ದ ಮಕ್ಕಳು ಗಪ್ಪಾದವು. ಎರಡು ಮಕ್ಕಳು ನಕ್ಕವು.

ಆ ನಗು ಇವತ್ತಿಗೂ ಕಿವಿಯಲ್ಲಿದೆ. ಮರುದಿನ ಆಕೆ ಮತ್ತೆ ತಂತಿ ತೆಗೆದು ಫೋನ್ ಹಚ್ಚಿದಾಗ ಪುಣೆಯವನು ತಾನೇ ಕಳಿಸಿದ್ದು ಎಂದ, ಫೋಟೋಗಳು ಒಳ್ಳೆಯವೇ ಆಗಿದ್ದವು. ಆಕೆ ತಪ್ಪಾಯಿತು ಎನ್ನಲಿಲ್ಲ. "ಈಗ ಬಿಚ್ಚು," ಎಂದು ಜೋಳ ಬೀಸುವವಳಿಗೆ ಹೇಳಿದ ಹಾಗೆ ಹೇಳಿ ನಡೆದಳು. ಇನ್ನು ಮುಂದೆ ಈಕೆಗೆ ನನ್ನ ಕೈಯಿಂದ ಏನೂ ಸಿಗಬಾರದು ಎಂದು ಅಂದೇ ತೀರ್ಮಾನಿಸಿದೆ.

ಕೊಡದೆ ಇರಲು ನನ್ನ ಬಳಿ ಒಂದೇ ವಸ್ತುವಿತ್ತು. ತಂದೆತಾಯಿಯರು ಎಲ್ಲಿದ್ದಾರೆ ಎಂಬ ಪಟ್ಟಿ ಕಂಪ್ಯೂಟರಿನಲ್ಲಿತ್ತು. ಮೇಸ್ತ್ರಿಗಳು ಅವರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕರೆದೊಯ್ದಾಗಲೆಲ್ಲ ಕಾರ್ಯಕರ್ತರು ಮೇಲ್‌ನಲ್ಲಿ ಹೊಸ ವಿಳಾಸ ಬರೆಯುತ್ತಿದ್ದರು, ನಾನು ಪಟ್ಟಿ ತಿದ್ದುತ್ತಿದ್ದೆ. ಆಕೆಗೆ ಅಷ್ಟು ಸಾಲದು. ಪ್ರತಿ ಶುಕ್ರವಾರ ನೀಲಿ ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು, "ಯಾರ್ದರ ಪತ್ತಾ ಬದಲಾಗ್ಯದೇನು?" ಎಂದು ಕೇಳಿ ಅದರಲ್ಲೂ ಬರೆದುಕೊಳ್ಳುವಳು. ಕಂಪ್ಯೂಟರ್ ಇರುವಾಗ ಈ ಮುದುಕಿಯ ಕೈಬರಹಕ್ಕೆ ಏನು ಕೆಲಸ ಎಂದು ನನಗೆ ಮೈ ಉರಿಯುತ್ತಿತ್ತು. ಪಟ್ಟಿಯ ಏಟು ತಿಂದ ಮೇಲಿನ ಶುಕ್ರವಾರ ಆಕೆ ಕೇಳಿದಾಗ, "ಏನೂ ಇಲ್ಲರಿ," ಎಂದೆ.

ಇತ್ತು. ಸಂತಪುರದ ಹುಡುಗಿಯ ತಾಯಿಯನ್ನು ಹೈದರಾಬಾದಿನ ಹೊರಗೆ ಯಾವುದೋ ಹೊಸ ಬಡಾವಣೆಗೆ ಕರೆದೊಯ್ದಿದ್ದರು. ಆ ವಿಳಾಸ ಕಂಪ್ಯೂಟರಿಗೆ ಹಾಕಿದೆ, ಆಕೆಗೆ ಹೇಳಲಿಲ್ಲ. ಮುಂದಿನ ಶುಕ್ರವಾರವೂ ಹೇಳಲಿಲ್ಲ. ಆಕೆ ಕನ್ನಡಕದ ಮೇಲಿಂದ ನೋಡಿ, "ಖರೇ ಏನೂ ಇಲ್ಲ?" ಎಂದಳು. "ಇಲ್ಲರಿ," ಎಂದೆ. ರಿಜಿಸ್ಟರ್ ಮುಚ್ಚಿದ ಸದ್ದಿಗೆ ಒಳಗೊಳಗೇ ಖುಷಿಯಾಯಿತು. ಎಂಥ ಸಣ್ಣ ಖುಷಿ.

ಅದರ ಮರುದಿನ ಶನಿವಾರ. ಮೇಲ್ ಇಳಿದಿತ್ತು, ತಂತಿ ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಆಕೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಲೆಕ್ಕಕ್ಕೆ ಅಡುಗೆಯವಳ ಜೊತೆ ಜಗಳಕ್ಕೆ ನಿಂತಿದ್ದಳು. ನಮ್ಮ ಸಂಸ್ಥೆಯ ಹೈದರಾಬಾದ್ ಕಚೇರಿಯಿಂದ ಒಂದು ಮೇಲ್ ಬಂದಿತ್ತು. ಫೋಟೋ ಎಂದೇ ಹೆಸರಿದ್ದ ಗಂಟು. ಆ ಹೆಸರಿನ ಕೊನೆಗೆ, ಅದು ಫೋಟೋ ಅಲ್ಲವೆಂದು ತಿಳಿಸುವ ಇನ್ನೊಂದು ಬಾಲವಿತ್ತು, ನಮ್ಮ ಯಂತ್ರ ಅದನ್ನು ತೋರಿಸದೆ ಮುಚ್ಚಿಡುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಮೂರು ವಾರದಿಂದ ಆ ಹುಡುಗಿಯ ತಾಯಿಯ ಫೋಟೋ ಬಂದಿರಲಿಲ್ಲ. ಹುಡುಗಿ ಕುರ್ಚಿಯ ಹಿಂದೆ ನಿಂತಿತ್ತು.

"ಅವ್ವಂದು ಬಂದದೇನ್ರಿ ಅಕ್ಕಾ?"

ಬಿಚ್ಚಿದೆ. ಏನೂ ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದೆ. ಪರದೆ ಹಾಗೇ ನಿಂತಿತ್ತು, ಮೋಡೆಮ್ಮಿನ ಕೆಂಪು ದೀಪ ಮಾತ್ರ ಮಿಣಮಿಣ ಎನ್ನತೊಡಗಿತು. ಲೈನು ನಿಧಾನ ಇರಬೇಕು ಎಂದುಕೊಂಡು ಕೂತೆ. ಹಿಟ್ಟಿನ ಕೈಯಲ್ಲಿ ಹೊರಗೆ ಬಂದ ಆಕೆ ಬಾಗಿಲಲ್ಲೇ ನಿಂತಳು.

"ಮೇಲ್ ಬಂದು ಮುಗದಾವ ಅಂದ್ಯಲ್ಲ, ದೀಪ ಯಾಕ ಕುಣೀಲತ್ತದ?"

ಕೇಳುತ್ತಲೇ ಆಕೆ ಬಂದು ಗೋಡೆಯಿಂದ ತಂತಿ ಕಿತ್ತಳು. ಕಂಪ್ಯೂಟರ್ ಕಲಿತವಳು ನಾನು, ತಂತಿ ಕೀಳಬೇಕು ಎಂದು ಹೊಳೆದದ್ದು ಆಕೆಗೆ.

ವಿಳಾಸಗಳ ಪಟ್ಟಿ ತೆಗೆದು ನೋಡಿದರೆ ಪಟ್ಟಿಯಿಲ್ಲ. ಕಡತದ ಹೆಸರು ಇತ್ತು, ಒಳಗೆ ಅರ್ಥವಿಲ್ಲದ ಎರಡು ಸಾಲು. ಫೋಟೋಗಳೂ ಹಾಗೇ. ಸಿಮೆಂಟ್ ಚೀಲದ ಮೇಲಿನ ಅಪ್ಪಂದಿರು, ಸಿಂಬೆಯ ಅವ್ವಂದಿರು, ಎಲ್ಲರ ಜಾಗದಲ್ಲಿ ಅದೇ ಎರಡು ಸಾಲು. ಇಳಿಸಿಕೊಂಡ ಮೇಲ್‌ಗಳೂ ಹೋದವು. ಫ್ಲಾಪಿಗೆ ಪ್ರತಿ ಇಟ್ಟುಕೋ ಎಂದು ರಿಪೇರಿಯವನು ಹೇಳಿದ್ದ. ನಾನು ದಸರೆಯಲ್ಲಿ ಒಮ್ಮೆ ಇಟ್ಟವಳು ಆಮೇಲೆ ಇಟ್ಟಿರಲಿಲ್ಲ. ದಸರೆಯಲ್ಲಿ ಯಾರೂ ಇನ್ನೂ ಊರು ಬಿಟ್ಟಿರಲಿಲ್ಲ.

ಆಕೆ ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ತಂತಿಯನ್ನು ಫೋನಿಗೆ ಚುಚ್ಚಿ, ನೀಲಿ ರಿಜಿಸ್ಟರ್ ಬಿಡಿಸಿ, ಮಧ್ಯಾಹ್ನವಿಡೀ ನಿಂತುಕೊಂಡೇ ಒಂದೊಂದು ಊರಿಗೂ ಫೋನ್ ಹಚ್ಚಿದಳು. "ನಮ್ಮ ಹೆಸರ್ಲೆ ಗಂಟು ಬಂದದ. ಬಿಚ್ಚಬ್ಯಾಡ್ರಿ. ಹಂಗೇ ಅಳಸ್ರಿ." ಅದೇ ಮಾತು, ಅದೇ ಕ್ರಮದಲ್ಲಿ. ಪುಣೆಯ ಯಂತ್ರ ಉಳಿಯಿತು, ಬೀದರಿನ ದೊಡ್ಡ ಕಚೇರಿಯದೂ ಉಳಿಯಿತು. ಹೈದರಾಬಾದಿನದು ನಮಗಿಂತ ಮೊದಲೇ ಸತ್ತಿತ್ತು. ನುಸಿ ಅಲ್ಲಿಂದಲೇ ಬಂದದ್ದು. ಆಮೇಲೆ ಮಕ್ಕಳ ತಂದೆತಾಯಿ ಎಲ್ಲೆಲ್ಲಿದ್ದಾರೆ ಎಂದು ರಿಜಿಸ್ಟರಿನಿಂದ ಒಬ್ಬೊಬ್ಬರನ್ನೇ ವಿಚಾರಿಸಿದಳು. ಎಲ್ಲ ಸರಿಯಿತ್ತು. ಒಬ್ಬಳನ್ನು ಬಿಟ್ಟು.

ರಿಜಿಸ್ಟರಿನಲ್ಲಿದ್ದ ಹಳೆಯ ಕಟ್ಟಡದವರು, ಆ ಹೆಂಗಸು ಹೋಗಿ ಮೂರು ವಾರವಾಯಿತು, ಮೇಲ್‌ನಲ್ಲಿ ನಿಮ್ಮ ಕಾರ್ಯಕರ್ತ ತಿಳಿಸಿದ್ದನಲ್ಲ ಎಂದರು. ತಿಳಿಸಿದ್ದ ಕಾರ್ಯಕರ್ತ ಕೆಲಸ ಬಿಟ್ಟು ಎಲ್ಲಿಗೋ ಹೋಗಿಯಾಗಿತ್ತು. ಆಕೆ ಫೋನ್ ಇಟ್ಟಳು. ನನ್ನ ಕಡೆ ತಿರುಗಿದಳು. ನಾನು ಆ ವಿಳಾಸವನ್ನು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದೆ. ಒಂದು ಗುಡ್ಡದ ಹೆಸರು, ಒಂದು ನಂಬರು... ನಾನೇ ಟೈಪ್ ಮಾಡಿದ್ದು, ಒಂದಕ್ಷರ ಬರಲಿಲ್ಲ.

"ಎರಡ್ ಶುಕ್ರವಾರ ಕೇಳೀನಿ ನಾ ನಿನಗ," ಎಂದಳು, ಮೆಲ್ಲಗೆ.

ಅಂದೇ ನನ್ನನ್ನು ಕೆಲಸದಿಂದ ತೆಗೆದಿದ್ದರೆ ನಾನು ಭಾತಂಬ್ರಾಕ್ಕೆ ಹೋಗಿ ಅತ್ತು ಮರೆತುಬಿಡುತ್ತಿದ್ದೆನೋ ಏನೋ. ತೆಗೆಯಲಿಲ್ಲ. ಬೇರೆ ಶಿಕ್ಷೆ ಕೊಟ್ಟಳು. ಹುಡುಗಿ ಸಂಜೆ ಸಂಜೆ ಅಕ್ಕೋರ ಬಳಿ ಬಂದು ಅವ್ವನ ಸುದ್ದಿ ಕೇಳುವುದಕ್ಕೆ ಶುರು ಮಾಡಿತ್ತು. ಆಕೆ ಆ ಮಗುವನ್ನು ನನ್ನತ್ತ ತಿರುಗಿಸಿ ಬಿಡುವಳು. "ಅಕ್ಕನ್ನ ಕೇಳು. ಉತ್ರ ಆಕಿನೇ ಹೇಳ್ಬೇಕು."

"ಅವ್ವಂದು ಏನರ ಬಂತೇನ್ರಿ ಅಕ್ಕಾ?"

"ಇಲ್ಲವ್ವ."

ದಿನಾ ಅದೇ. ಮಗು ನಿಂತು ಒಂದು ಕ್ಷಣ ಮುಖ ನೋಡಿ ಹೋಗುತ್ತಿತ್ತು, ಅಳುತ್ತಿರಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು. ಒಂದು ಸಂಜೆ ನಾನು ಬೇಕೆಂದೇ ಸಂತೆಗೆ ಹೋಗಿ ತಡಮಾಡಿ ಬಂದೆ. ಹುಡುಗಿಯನ್ನು ಬಾಗಿಲಲ್ಲೇ ಕೂಡಿಸಿಕೊಂಡು ಈಕೆ ಕಾದು ಕೂತಿದ್ದಳು! ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೀಗೆ ಮಾಡಬಾರದು. ಇವತ್ತಿಗೂ ಹಾಗೇ ಅನ್ನುತ್ತೇನೆ. ತಪ್ಪು ನನ್ನದೇ ಇರಬಹುದು, ಮಗುವನ್ನು ಹೊಡೆಯುವ ಪಟ್ಟಿಯ ಹಾಗೆ ಬಳಸುವ ಹಕ್ಕು ಆಕೆಗೆ ಯಾರು ಕೊಟ್ಟರು?

ಮೃಗಶಿರಾ ಮಳೆ ಹನಿಯಿತು. ಒಬ್ಬೊಬ್ಬರೇ ತಂದೆತಾಯಿ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಉಳಿದದ್ದು ಒಂದೇ. ವಸತಿ ಮುಚ್ಚುವ ದಿನ ಸಂಸ್ಥೆಯವರು ಬಂದು, ವಾರಸುದಾರರಿಲ್ಲದ ಮಗುವನ್ನು ಬೀದರಿನ ಅನಾಥಾಶ್ರಮಕ್ಕೆ ಒಪ್ಪಿಸುವುದೇ ನಿಯಮ ಎಂದರು. ಕಾಗದ ತಯಾರಾಗಿತ್ತು. ಒಮ್ಮೆ ಆ ಕಾಗದದ ಮೇಲೆ ಹೋದ ಮಗುವನ್ನು ಓದಲು ಬಾರದ ಒಬ್ಬ ಕೂಲಿ ಹೆಂಗಸು ಯಾವ ಕಚೇರಿಯಲ್ಲಿ ಹುಡುಕಬೇಕು?

"ಆಕಿ ಅವ್ವ ಅದಾಳ. ಪತ್ತಾ ಇಲ್ಲ ಅಷ್ಟೇ," ಎಂದು ಅಕ್ಕೋರು ಕಾಗದವನ್ನು ಮಡಚಿ ಅವರ ಜೇಬಿಗೇ ತುರುಕಿದಳು. ಹುಡುಗಿಯ ಕೈಹಿಡಿದು, ಟ್ರಂಕು ತಲೆಯ ಮೇಲೆ ಹೊತ್ತುಕೊಂಡು ತನ್ನ ಮನೆಗೆ ನಡೆದಳು. ಹೋಗುವಾಗ ನನಗೆ, "ಸಂಜಿಗಿ ಬರ್ತಾ ಇರು," ಎಂದಳು. ಏಕೆಂದು ಕೇಳುವ ಅಗತ್ಯವಿರಲಿಲ್ಲ. ಔರಾದಿನ ಆ ಓಣಿಯಲ್ಲಿ, ಆಕೆಯ ಕಟ್ಟೆಯ ಮೇಲೆ, ದೀಪ ಹಚ್ಚುವ ಹೊತ್ತಿಗೆ ಹೋಗಿ 'ಇಲ್ಲವ್ವ' ಎಂದು ಹೇಳಿ ಬರುವುದೇ ನನ್ನ ಕೆಲಸವಾಯಿತು. ನಡುವೆ ಎರಡು ಸಲ ಆಕೆ ಬಸ್ಸು ಹತ್ತಿ ಹೈದರಾಬಾದಿಗೆ ಹೋದಳು. ಅರವತ್ತು ದಾಟಿದ ಹೆಂಗಸು, ಗುಡ್ಡದ ಹೆಸರಿನ ಬಡಾವಣೆ ಎಲ್ಲಿದೆ ಎಂದು ಕೇಳುತ್ತ ನಡೆದಳಂತೆ. ಆ ಊರಿನಲ್ಲಿ ಗುಡ್ಡಗಳಿಗೇನು ಬರ. ಎರಡು ಸಲವೂ ಕಾಲು ಬಾತುಕೊಂಡು ಬರಿಗೈಯಲ್ಲಿ ಬಂದಳು.

ತಾಯಿ ತಾನಾಗಿಯೇ ಬಂದದ್ದು ಶ್ರಾವಣದಲ್ಲಿ. ಮಳೆಯಾದರೂ ಮಗಳ ಸುದ್ದಿಯಿಲ್ಲ, ಫೋನ್ ಮಾಡಿಸಿದರೆ ವಸತಿಯ ಫೋನು ಸತ್ತಿದೆ, ಮೇಸ್ತ್ರಿ ಬಿಡುತ್ತಿಲ್ಲ. ಕೊನೆಗೆ ಹೇಳದೆ ಕೇಳದೆ ಬಸ್ಸು ಹತ್ತಿದ್ದಳು. ಬೀಗ ಬಿದ್ದ ಮಿಲ್ಲು ನೋಡಿ ಹುಚ್ಚಿಯ ಹಾಗಾಗಿ ಓಣಿ ಓಣಿ ಕೇಳುತ್ತ ಬಂದಳು. ನಾನು ಅಂದಿನ 'ಇಲ್ಲವ್ವ' ಹೇಳಿ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆ. ಮಗಳನ್ನು ಸೆಳೆದು ಎದೆಗೊತ್ತಿಕೊಂಡವಳು ಆಮೇಲೆ ಅಕ್ಕೋರ ಮೇಲೆ ತಿರುಗಿದಳು. ಅವಳು ಆಡಿದ ಮಾತುಗಳನ್ನು ಬರೆಯಲಾರೆ. ಓಣಿಯ ಜನವೆಲ್ಲ ಸೇರಿತು. ಓದಿದವಳೆಂದು ನಂಬಿ ಬಿಟ್ಟುಹೋದೆ, ನನ್ನ ಕೂಸಿನ ಸುದ್ದಿ ನುಂಗಿ ಕೂತೆಯಲ್ಲ ಎಂದು ಮಣ್ಣು ಹಿಡಿದು ತೂರಿದಳು.

ಈಗ ನನ್ನ ಹೆಸರು ಹೇಳುತ್ತಾಳೆ ಎಂದು ಕಾದೆ. ನಲವತ್ತು ಮಕ್ಕಳೆದುರು ಗೆಣ್ಣಿಗೆ ಹೊಡೆದವಳು ಓಣಿಯೆದುರು ಬಿಡುತ್ತಾಳೆಯೇ? ಎದ್ದು ನಿಂತೆ.

"ತಪ್ಪಾಗ್ಯದವ್ವ," ಎಂದಳು ಅಕ್ಕೋರು. "ಹುಡುಗಿ ಗಟ್ಟಿ ಅದಾಳ, ನೋಡ್ಕೊ." ಅಷ್ಟೇ. ವಿಭೂತಿಯ ಮೇಲೆ ಮಣ್ಣು ಕೂತಿತ್ತು. ಒರೆಸಿಕೊಳ್ಳಲಿಲ್ಲ. ನನ್ನ ಕಡೆ ಕಣ್ಣು ಹಾಯಿಸಲೂ ಇಲ್ಲ.

ಅವರು ಹೋದ ಮೇಲೆ ನಾನು ಬಾಯಿ ತೆರೆದೆ. ಆಕೆ ಕೈಯೆತ್ತಿ ತಡೆದಳು. "ನಾಳಿಂದ ಬರಬ್ಯಾಡ. ನಿನ್ನ ಕೆಲಸ ಮುಗೀತು." ಬಾಗಿಲು ಹಾಕಿಕೊಂಡಳು.

ಅದಕ್ಕೂ ನನಗೆ ಸಿಟ್ಟು. ಮೊದಲಿಗಿಂತ ಹೆಚ್ಚು ಸಿಟ್ಟು. ಓಣಿಯೆದುರು ನನ್ನನ್ನು ಹೆಸರಿಸಿದ್ದರೆ ಆ ತಾಯಿ ನನಗೆ ನಾಲ್ಕು ಬಾರಿಸುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಮುಚ್ಚಿಟ್ಟು ನನ್ನನ್ನು ಬಿಗಿದು ಹೋದಳು. ಆಮೇಲೆ ನಾನು ಬೀದರಿಗೆ ಬಂದೆ, ಕಾಲೇಜು ಸೇರಿದೆ, ಆಕೆಯನ್ನು ಒಮ್ಮೆಯೂ ನೋಡಲು ಹೋಗಲಿಲ್ಲ. ವರ್ಷಗಳ ಮೇಲೆ ಆ ಹುಡುಗಿಯೇ ಪಿಯುಸಿಗೆ ಸೇರಲು ನನ್ನ ಕಿಟಕಿಗೆ ಬಂದಾಗ ಜೊತೆಗೆ ತಾಯಿಯೂ ಇದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡೆ, ಫೋನ್ ನಂಬರು 'ತಾಯಿಯದು' ಎಂದು ಬರೆದುಕೊಂಡೆ. ತಾಯಿಗೆ ನನ್ನ ಗುರುತು ಸಿಕ್ಕಿ, ಕಂಪ್ಯೂಟರ್ ಅಕ್ಕ ಅಲ್ಲವೇ ಎಂದು ಸಂಭ್ರಮಪಟ್ಟಳು. ಆಗಲೂ ಹೇಳಲಿಲ್ಲ. ಹಿಂದೆ ಸಾಲು ದೊಡ್ಡದಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೋಮವಾರ ಮೂಗಿಗೆ ಸೆರಗು ಹಿಡಿದು ಆ ರಿಜಿಸ್ಟರನ್ನೇ ಎಳೆದೆ. ನಂಬರು ಇತ್ತು. ಹಚ್ಚಿದೆ. ಎತ್ತಿದ್ದು ತಾಯಿ. ನಾನು ಯಾರೆಂದು ಹೇಳಿ, ಮಗಳ ಹೆಸರಿನಿಂದ ಒಂದು ಮೇಲ್ ಬಂದಿದೆ ಎಂದೆ. ಮುಂದಿನ ಮೂರು ಪ್ರಶ್ನೆ ನಾನು ಕೇಳಬೇಕಾಗಲಿಲ್ಲ.

"ಹೌದ್ರಿ, ಆಕಿನೇ ಕಳ್ಸ್ಯಾಳ, ನನ್ನ ಮುಂದೇ ಕಳ್ಸಿದಳು. ನೀವು ಫೋನ್ ಹಚ್ಚಿ ಕೇಳ್ತೀರಿ ಅಂತ ಮೊದ್ಲೇ ಹೇಳಿದಳ್ರಿ. ಒಂದೇ ಫೋಟೋ ಅದ. ಅಕ್ಕೋರ್ದು." ಆಮೇಲೆ ದನಿ ಇಳಿಯಿತು. "ಮೊನ್ನಿ ಹೋದ್ರಲ್ರಿ ಅವ್ರು. ಮಗಳ ದವಾಖಾನಿದಾಗೇ ಇದ್ರು, ಹದಿನೈದ್ ದಿನ. ಆಕಿನೇ ನೋಡ್ಕೊಂಡಳು."

ಅವಳು ಮಾತು ಮುಂದುವರಿಸಿದಳು.

"ಅವತ್ತು ನಾ ಅವ್ರಿಗಿ ಏನೇನರ ಅಂದೆ ನೋಡ್ರಿ, ನೀವೂ ಇದ್ರಿ. ಮಣ್ಣ ತೂರಿದೆ. ಹೋಗಿ ಕಾಲ್ ಬೀಳ್ಬೇಕಂತ ಭಾಳ ಸಲ ಅನಿಸ್ತಿತ್ತು, ಮತ್ತ ನನ್ನ ಕೂಸಿನ ಪತ್ತಾ ಕಳದಾಕಿ ಆಕಿನೇ ಅಲ್ಲೇನು ಅಂತ ಸಿಟ್ಟೂ ಬರ್ತಿತ್ತು. ಹೋಗ್ಲೇ ಇಲ್ರಿ ನಾ. ದವಾಖಾನಿಗೂ ಹೋಗ್ಲಿಲ್ಲ."

ಡಾಂಬರು ಗುಳಿಗೆ ಬೆರಳಿಗೆ ಅಂಟಿತ್ತು. ಹೇಳಿದೆ. ಪತ್ತಾ ಬಂದಿತ್ತು, ಅಕ್ಕೋರು ಎರಡು ಸಲ ಕೇಳಿದ್ದರು, ನಾನು ಇಲ್ಲವೆಂದು ಸುಳ್ಳು ಹೇಳಿದ್ದೆ, ಗಂಟು ಬಿಚ್ಚಿದವಳೂ ನಾನೇ. ಪಕ್ಕದ ಗುಮಾಸ್ತೆ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳಲಿ ಎನಿಸಿತು.

ಅವಳು ಕೊನೆಯವರೆಗೂ ಕೇಳಿದಳು.

"ಈಗ ಹೇಳ್ತೀರೇನ್ರಿ?" ಎಂದಳು ಅವಳು. "ಅವ್ರು ಹೋದ ಮ್ಯಾಲ?"

ಫೋನ್ ಇಟ್ಟಳು.

ಸಂಜೆ ಎಲ್ಲರೂ ಹೋದ ಮೇಲೆ ಗಂಟು ಬಿಚ್ಚಿದೆ. ಒಂದೇ ಫೋಟೋ, ಒಬ್ಬರೇ. ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಾರೆ, ಹಣೆಯ ಮೇಲೆ ವಿಭೂತಿ, ಅದೇ ಗಂಟಿಕ್ಕಿದ ಹುಬ್ಬು. ಇನ್ನೇನು ನನಗೆ ಬೈಯುತ್ತಾರೆ ಅನ್ನಬೇಕು. ತಪ್ಪಾಯಿತು ಎನ್ನಲು ನನಗೆ ಇಪ್ಪತ್ತು ವರ್ಷ ಸಿಕ್ಕಿತ್ತು, ಒಂದೂವರೆ ತಾಸಿನ ಬಸ್ಸಿನ ದಾರಿ ಅಷ್ಟೇ ಇತ್ತು. ಗಾಜಿನ ಮೇಲೆ ಕೈಯಿಟ್ಟೆ. ಆಮೇಲೆ ಕರವಸ್ತ್ರ ತೆಗೆದು ಗುರುತು ಒರೆಸಿ, ಕಂಪ್ಯೂಟರ್ ಆರಿಸಿ, ಬಾಗಿಲಿಗೆ ಬೀಗ ಹಾಕಿಕೊಂಡು ಮನೆಗೆ ಬಂದೆ.